ಅವನು ಎಲ್ಲಿ ಇಳೀತಾನೆ?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತೆ ಸೋತಿದೆ. ಭಾನುವಾರ ಹನ್ನೊಂದು ಗಂಟೆಗೆ ಮಾಟುಂಗಾದ ಹೋಟೆಲಿನಲ್ಲಿ ನಮ್ಮ ಶೆಟ್ಟರ ಮುಂದೆ ಇಡ್ಲಿ ತಣ್ಣಗಾಗುತ್ತಿದೆ. "ಬುಟ್ಟಿ ಕಾಯ್ಲಿಕ್ಕೆ ಒಬ್ಬ ಎತ್ತರದವ ಇಲ್ಲ ಮಾರಾಯ್ರೆ, ಡಿಫೆನ್ಸ್ ಅಂತೂ ಕೇಳುದೇ ಬೇಡ" ಅಂತ ಸಾಂಬಾರಿನ ಬಟ್ಟಲಿಗೆ ಹೇಳುತ್ತಿದ್ದಾರೆ.

ಅವರಿಗೆ ಕಿಂಗ್ಸ್ ಯಾಕೆ ಅಂದರೆ, ಮಾಲೀಕ ವಿವೇಕ್ ರಣದಿವೆ ನಮ್ಮ ಮುಂಬಯಿಯವರು. 2019ರ ಅಕ್ಟೋಬರಿನಲ್ಲಿ ತಂಡವನ್ನು ವರ್ಲಿಗೇ ಕರೆತಂದರು. ಇಂಡಿಯಾನಾ ಪೇಸರ್ಸ್ ಎದುರು ಎರಡು ಪಂದ್ಯ ಆಡಿ, ಎರಡನ್ನೂ ಸೋತು, ಕೈಬೀಸಿ ಹೋದರು.

ಆ ತಂಡದ ಸಂಯಮಕ್ಕೆ ನಾನು ತಲೆಬಾಗುತ್ತೇನೆ. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅಂತಾರೆ. 2018ರ ಡ್ರಾಫ್ಟಿನಲ್ಲಿ ಎರಡನೇ ಸರದಿ ಇವರದ್ದು. ಯುರೋಪನ್ನೇ ಗೆದ್ದುಬಂದ ಲೂಕಾ ಡಾನ್ಚಿಚ್ ಎದುರಿಗೇ ಇದ್ದ. ಆಯ್ಕೆ ಮಾಡಬೇಕಾದ ವ್ಲಾದೆ ದಿವಾಚ್ ಕೂಡ ಯುರೋಪಿನವರೇ. ಆದರೂ ಆಸೆಪಡಲಿಲ್ಲ, ಮಾರ್ವಿನ್ ಬ್ಯಾಗ್ಲಿಯನ್ನು ತಗೊಂಡರು. 2020ರಲ್ಲಿ ಮಾತ್ರ ಕೈತಪ್ಪಿ ಹ್ಯಾಲಿಬರ್ಟನ್ ಅನ್ನೋ ಒಳ್ಳೆ ಹುಡುಗನನ್ನು ಆರಿಸಿಬಿಟ್ಟರು. ಪಾಪ, 2022ರಲ್ಲಿ ಆ ತಪ್ಪನ್ನೂ ತಿದ್ದಿಕೊಂಡು ಅವನನ್ನು ಪೇಸರ್ಸ್‌ಗೇ ಕೊಟ್ಟರು. ಹೌದು, ವರ್ಲಿಯ ಅದೇ ಪೇಸರ್ಸ್. 2025ರಲ್ಲಿ ಅವನು ಅವರನ್ನು ಫೈನಲ್‌ಗೆ ಕರೆದೊಯ್ದ. ಬದಲಿಗೆ ಬಂದ ಸಬೋನಿಸ್ ದೆಸೆಯಿಂದ 2023ರಲ್ಲಿ ಕಿಂಗ್ಸ್ ಹದಿನಾರು ಸೀಸನ್ ಆದಮೇಲೆ ಪ್ಲೇಆಫ್ ಮುಖ ನೋಡಿತು ಅನ್ನೋದೂ ನಿಜ, ಇಲ್ಲಾಂದ್ರೆ ಶೆಟ್ಟರು ಬೈತಾರೆ.

ಡ್ರಾಫ್ಟ್ ಅಂದರೇನು ಅಂತ ಡೊಂಬಿವಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆ ದಾದರಿನಲ್ಲಿ ಲೋಕಲ್ ಹತ್ತಿ, ಕೂತವರ ಮುಖ ನೋಡಿ, ಇವನು ಬೇಗ ಇಳೀತಾನೆ ಅಂತ ಒಬ್ಬನ ಎದುರು ನಿಲ್ಲೋದು, ಅಷ್ಟೇ. "ಕಿಧರ್ ಉತರೇಂಗೆ?" ಅಂತ ಕೇಳಬಹುದು, ನನಗೆ ಸಂಕೋಚ. ಮೊನ್ನೆ ಬ್ಯಾಗು ತೊಡೆ ಮೇಲಿಟ್ಟು, ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದವನನ್ನು ಘಾಟ್ಕೋಪರ್ ಗಿರಾಕಿ ಅಂದುಕೊಂಡೆ. ಅವನು ಕಲ್ಯಾಣದ ಆಸಾಮಿ. ಕಿಟಕಿ ಪಕ್ಕ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದವನು ಕುರ್ಲಾ ಬಂದದ್ದೇ ಎದ್ದು ನಡೆದ. ನಾನು ಅತ್ತ ಹೆಜ್ಜೆ ಇಡುವ ಮೊದಲೇ ಇನ್ಯಾರೋ ಕೂತಾಗಿತ್ತು. ನನಗಾದರೂ ಗೊತ್ತಿರಲಿಲ್ಲ. ದಿವಾಚರಿಗೆ ಇಡೀ ಯುರೋಪೇ ಕೂಗಿ ಹೇಳಿತ್ತಲ್ಲ!

ಶೆಟ್ಟರು ಈಗ ನಮ್ಮ ದೇಶದ ಕಡೆ ತಿರುಗಿದರು. 2015ರಲ್ಲಿ ಡಲ್ಲಾಸ್‌ನವರು 52ನೆಯವನಾಗಿ ಸತ್ನಾಮ್ ಸಿಂಗ್‌ನನ್ನು ಆರಿಸಿದ್ದೇ ಮೊದಲು, ಅವನಿಗೂ ಎನ್‌ಬಿಎ ಪಂದ್ಯ ಒಂದೂ ಸಿಗಲಿಲ್ಲ. "ನಮ್ಮಲ್ಲಿ ಎತ್ತರದ ಮಕ್ಕಳೇ ಇಲ್ವಾ?"

ಇದ್ದಾರೆ ಶೆಟ್ರೇ. ನಮ್ಮ ಸೊಸೈಟಿಯಲ್ಲೇ ಒಬ್ಬನಿದ್ದಾನೆ, ಎಂಟನೇ ಕ್ಲಾಸು, ನನಗಿಂತ ಎತ್ತರ. ಮೆಟ್ಟಿಲ ಕೆಳಗೆ ಚೆಂಡು ಪುಟಿಸುತ್ತಾನೆ, ವಾಚ್‌ಮನ್ ಓಡಿಸುತ್ತಾನೆ. ಅಂಗಳದಲ್ಲಿ ಒಂದು ಕೋರ್ಟ್ ಇತ್ತು. ಮೂರು ವರ್ಷದ ಹಿಂದೆ ಮೀಟಿಂಗಿನಲ್ಲಿ ಕೈ ಎತ್ತಿ ಅದನ್ನು ಪಾರ್ಕಿಂಗ್ ಮಾಡಿದಿರಿ. ನನಗೆ ಇದು ತಮಾಷೆ ಅನ್ನಿಸುವುದಿಲ್ಲ, ಸಾಕಾಗಿದೆ. ಮಗು ಎಲ್ಲಿ ಆಡಬೇಕು?

ಶೆಟ್ಟರು ಇಡ್ಲಿ ಮುರಿದರು. ಅವರ ಕಾರಿನ ಕವರಿನ ಹಗ್ಗವನ್ನು ಆ ಬುಟ್ಟಿಯ ಕಂಬಕ್ಕೇ ಕಟ್ಟಿದೆ.