ಸೋತೆ ಅನ್ನು, ಬಿಡ್ತೀನಿ

ಹುಡುಗರ ಕುಸ್ತಿಗೆ ನಮ್ಮ ಬೀದಿಯಲ್ಲಿ ಒಂದೇ ಕಾನೂನಿತ್ತು. ಮೇಲೆ ಕೂತವನು ಕೆಳಗೆ ಬಿದ್ದವನ ಕೈಯನ್ನು ಬೆನ್ನ ಹಿಂದಕ್ಕೆ ತಿರುಚಿ "ಸೋತೆ ಅನ್ನು, ಬಿಡ್ತೀನಿ" ಅನ್ನಬೇಕು. ಕೆಳಗಿನವನು ಅನ್ನಬಾರದು. ಬಾಯಿಗೆ ಮಣ್ಣು ಹೋಗಲಿ, ಅಂಗಿಯ ಗುಂಡಿ ಕಿತ್ತು ಬರಲಿ, ಕಣ್ಣಲ್ಲಿ ನೀರು ತುಂಬಲಿ, ಆ ಎರಡಕ್ಷರ ಮಾತ್ರ ಹೊರಗೆ ಬರಕೂಡದು. ಯಾರದೋ ಮನೆಯ ಅಜ್ಜಿ ಪೊರಕೆ ಹಿಡಿದು ಬರುವವರೆಗೂ ಇದು ನಡೆಯುತ್ತಿತ್ತು. ಆಮೇಲೆ ಇಬ್ಬರೂ ಗೆದ್ದವರೇ. ಮಾರನೇ ದಿನ ಶಾಲೆಯಲ್ಲಿ ಮೇಲೆ ಕೂತಿದ್ದವನು "ಇವನನ್ನ ಮಲಗಿಸಿಬಿಟ್ಟೆ ಕಣ್ರೋ" ಅಂತ ಜಂಬ ಕೊಚ್ಚಿದರೆ, ಕೆಳಗಿದ್ದವನು "ನಾನೆಲ್ಲೋ ಸೋತೆ ಅಂದೆ?" ಅನ್ನುತ್ತಿದ್ದ. ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ಇದೇ ಕಾನೂನಿಗೆ ಅಮೆರಿಕದಲ್ಲಿ ಕುಸ್ತಿಯನ್ನೇ ಪ್ರದರ್ಶನ ಮಾಡಿ ಮಾರುವ ಡಬ್ಲ್ಯುಡಬ್ಲ್ಯುಇ ಕಂಪನಿ ಒಮ್ಮೆ ಟಿಕೆಟ್ ಇಟ್ಟಿತು. 2009ರ ಸೆಪ್ಟೆಂಬರ್ 13, ಭಾನುವಾರ ರಾತ್ರಿ. ಕೆನಡಾದ ಮಾಂಟ್ರಿಯಲ್‌ನ ಬೆಲ್ ಸೆಂಟರ್. ಪ್ರದರ್ಶನದ ಹೆಸರು ‘ಬ್ರೇಕಿಂಗ್ ಪಾಯಿಂಟ್’. ಆ ರಾತ್ರಿಯ ಮುಖ್ಯ ಪಂದ್ಯಗಳಲ್ಲಿ ಭುಜ ನೆಲಕ್ಕೊತ್ತಿ ಒಂದು, ಎರಡು, ಮೂರು ಎಣಿಸಿದರೆ ನಡೆಯುವುದಿಲ್ಲ. ಎದುರಾಳಿ ತಾನಾಗಿಯೇ ಕೈ ಬಡಿದು, ಇಲ್ಲವೇ ಬಾಯಿಬಿಟ್ಟು ಸೋಲು ಒಪ್ಪಬೇಕು. ಪೊರಕೆ ಹಿಡಿದ ಅಜ್ಜಿಯೊಬ್ಬರು ಇರಲಿಲ್ಲ ಅನ್ನುವುದು ಬಿಟ್ಟರೆ ನಮ್ಮ ಬೀದಿಯೇ.

ಎಲ್ಲ ಮೊದಲೇ ಮಾತಾಡಿಕೊಂಡಿರ್ತಾರಲ್ಲಪ್ಪಾ, ಅದರಲ್ಲೇನು ನೋಡ್ತೀಯ ಎಂದು ಕೇಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಹೌದು, ಮಾತಾಡಿಕೊಂಡೇ ಇರುತ್ತಾರೆ. ಬಯಲಾಟದಲ್ಲಿ ಕೌರವ ಬೀಳುತ್ತಾನೆಂದು ಗೊತ್ತಿದ್ದೇ ಅಲ್ಲವೇ ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕೂರುವುದು? ಯಾರು ಬೀಳುತ್ತಾರೆ ಅನ್ನುವುದಲ್ಲ, ಹೇಗೆ ಬೀಳುತ್ತಾರೆ ಅನ್ನುವುದನ್ನು ನೋಡಬೇಕು. ಇಲ್ಲಿ ಅದರ ಜೊತೆಗೆ ಇನ್ನೊಂದಿದೆ: ಬಿದ್ದದ್ದನ್ನು ಯಾರು ಹೇಳುತ್ತಾರೆ?

ನಮ್ಮ ಗರಡಿ ಕುಸ್ತಿಯಲ್ಲಿ ಈ ರಗಳೆಯೇ ಇಲ್ಲ. ಮೈಸೂರಿನ ದೊಡ್ಡಕೆರೆ ಮೈದಾನದ ಅಖಾಡದಲ್ಲಿ ದಸರಾ ಕುಸ್ತಿ ನೋಡಿದವರಿಗೆ ಗೊತ್ತು. ಬೆನ್ನು ಮಣ್ಣಿಗೆ ತಾಗಿತೋ, ಮುಗಿಯಿತು. ಈ ಬಗ್ಗೆ ಪೈಲ್ವಾನರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗವಂತೂ ಇನ್ನೂ ಚುಟುಕು. ಬೋಳಿಸಿದ ತಲೆಯ ಮೇಲೆ ರಕ್ತ ಕಂಡೊಡನೆ ನಿಲ್ಲಿಸುತ್ತಾರೆ. ಬೆನ್ನು ಸಾಕ್ಷಿ, ಇಲ್ಲವೇ ರಕ್ತ ಸಾಕ್ಷಿ. ಬಾಯಿಗೆ ಕೆಲಸವಿಲ್ಲ.

ರಿಂಗ್‌ನಲ್ಲಿ ಹಾಗಲ್ಲ. ಶಾರ್ಪ್‌ಶೂಟರ್ ಅನ್ನುವ ಪಟ್ಟನ್ನೇ ತೆಗೆದುಕೊಳ್ಳಿ. ಅಂಗಾತ ಬಿದ್ದವನ ಎರಡು ಕಾಲುಗಳ ನಡುವೆ ಇವನು ಒಂದು ಕಾಲಿಡುತ್ತಾನೆ, ಅವನ ಕಾಲುಗಳನ್ನು ಆ ಕಾಲಿನ ಸುತ್ತ ಕತ್ತರಿ ಹಾಕಿಸಿ ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಾನೆ, ಆಮೇಲೆ ದಾಟಿ ತಿರುಗಿ ಅವನನ್ನು ಬೋರಲು ಹಾಕಿ ಹಿಂದಕ್ಕೆ ಕೂರುತ್ತಾನೆ. ಅಷ್ಟೇ. ಇಲ್ಲಿಂದ ಮುಂದಕ್ಕೆ ಹಾಕಿದವನಿಗೆ ಮುಖ ಗಂಟಿಕ್ಕಿಕೊಂಡು ಕೂರುವುದು ಬಿಟ್ಟರೆ ಕೆಲಸವಿಲ್ಲ. ನಾಟಕವೆಲ್ಲ ಹಾಕಿಸಿಕೊಂಡವನದು. ಹಗ್ಗ ಮುಟ್ಟಿದರೆ ಸಾಮಾನ್ಯವಾಗಿ ಪಟ್ಟು ಬಿಡಬೇಕು. ಹಾಗಾಗಿ ಅವನು ಮೊಣಕೈ ಊರಿಕೊಂಡು ಗೇಣು ಗೇಣಾಗಿ ತೆವಳಬೇಕು, ಬೆರಳ ತುದಿ ಹಗ್ಗಕ್ಕೆ ಇನ್ನೇನು ತಾಗಿತು ಅನ್ನುವಾಗ ನಡುಮಧ್ಯಕ್ಕೆ ಎಳೆಸಿಕೊಳ್ಳಬೇಕು, ಕೈ ಎತ್ತಿ ಬಡಿಯಲು ಹೋಗಿ ಮುಷ್ಟಿ ಬಿಗಿದು ತಡೆದುಕೊಳ್ಳಬೇಕು. ಉಸಿರುಗಟ್ಟಿಸುವ ಪಟ್ಟಾದರೆ ರೆಫರಿ ಬಂದು ಅವನ ಕೈಯೆತ್ತಿ ಬಿಡುತ್ತಾನೆ. ಧೊಪ್. ಇನ್ನೊಮ್ಮೆ ಎತ್ತಿ ಬಿಡುತ್ತಾನೆ. ಧೊಪ್. ಮೂರನೇ ಸಲ ಕೈ ಅರ್ಧಕ್ಕೆ ಬಂದು ಗಾಳಿಯಲ್ಲಿ ನಿಂತುಬಿಡುತ್ತದೆ, ಬೆರಳುಗಳು ನಡುಗುತ್ತವೆ, ಸಭೆಯೆಲ್ಲ ಎದ್ದು ನಿಲ್ಲುತ್ತದೆ. ಈ ಮೂರನೇ ಕೈಯನ್ನು ಎಷ್ಟು ಸಲ ನೋಡಿದರೂ ನನಗಂತೂ ಬೇಸರ ಬಂದಿಲ್ಲ.

ಚಾಪೆಯ ಮೇಲೆ ಪಟಪಟ ಕೈ ಬಡಿದು ಸೋಲೊಪ್ಪುವ ಪದ್ಧತಿ ಈ ರಿಂಗ್‌ಗಳಲ್ಲಿ ಬಹಳ ಹಳೆಯದಲ್ಲ. 1993ರಲ್ಲಿ ಯುಎಫ್‌ಸಿ ಎಂಬ ಹೊಡೆದಾಟದ ಸ್ಪರ್ಧೆ ಶುರುವಾಗಿ, ನಿಜವಾದ ಹೊಡೆದಾಟದಲ್ಲಿ ಕೈ ಬಡಿಯುವುದನ್ನು ಜನ ನೋಡಿದ ಮೇಲೆ ಇಲ್ಲೂ ಅದೇ ಚಾಲ್ತಿಗೆ ಬಂತು. ಮೊದಲೆಲ್ಲ ತಲೆಯಾಡಿಸಿಯೋ ಬಾಯಲ್ಲಿ ಹೇಳಿಯೋ ರೆಫರಿಗೆ ತಿಳಿಸುತ್ತಿದ್ದರು. ಕೊನೆಯ ಸಾಲಿನವನಿಗೆ ಅದೇನು ಕಾಣಬೇಕು!

ಕಂಪನಿಗೆ ಇಲ್ಲೊಂದು ಪೇಚಿದೆ. ಟಿಕೆಟ್ ಮಾರುವುದು ‘ಇವನ ಬಾಯಿಂದ ಸೋತೆ ಅನ್ನಿಸುತ್ತೇವೆ’ ಎಂದು. ಆದರೆ ನಾಯಕ ನಿಜವಾಗಿಯೂ ಸೋತೆ ಅಂದುಬಿಟ್ಟರೆ ಮುಂದಿನ ತಿಂಗಳ ಟಿಕೆಟ್ ಯಾರು ಕೊಳ್ಳುತ್ತಾರೆ? ಛಲ ಅಂದರೆ ದುರ್ಯೋಧನನನ್ನು ನೆನೆಯುವ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ಕಂಪನಿ ಕಂಡುಕೊಂಡ ಉಪಾಯವೆಂದರೆ, ಅವನ ಸೋಲನ್ನು ಬೇರೆ ಯಾರಿಂದಲಾದರೂ ಹೇಳಿಸುವುದು.

1983ರ ಡಿಸೆಂಬರ್ 26ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಐರನ್ ಶೇಖ್ ಬಾಬ್ ಬ್ಯಾಕ್‌ಲಂಡ್‌ನ ಬೆನ್ನ ಮೇಲೆ ಕೂತು ಗಲ್ಲ ಹಿಡಿದೆಳೆದಾಗ ಬ್ಯಾಕ್‌ಲಂಡ್ ಸೋತೆ ಅನ್ನಲಿಲ್ಲ. ಅವನ ಮ್ಯಾನೇಜರ್ ಆರ್ನಲ್ಡ್ ಸ್ಕಾಲಂಡ್ ರಿಂಗ್‌ನೊಳಕ್ಕೆ ಟವೆಲ್ ಎಸೆದ. ಚಾಂಪಿಯನ್ ಬೆಲ್ಟ್ ಹೋಯಿತು, ಮಾನ ಉಳಿಯಿತು. 1997ರ ಮಾರ್ಚ್ 23ರಂದು ಶಿಕಾಗೊ ಬಳಿಯ ರೋಸ್‌ಮಾಂಟ್‌ನಲ್ಲಿ ಬ್ರೆಟ್ ಹಾರ್ಟ್‌ನ ಶಾರ್ಪ್‌ಶೂಟರ್‌ಗೆ ಸಿಕ್ಕ ಸ್ಟೀವ್ ಆಸ್ಟಿನ್ ಮುಖದ ತುಂಬ ರಕ್ತ ಸುರಿಸಿಕೊಂಡು ಪ್ರಜ್ಞೆ ತಪ್ಪಿದನೇ ಹೊರತು ಕೈ ಬಡಿಯಲಿಲ್ಲ. ಯುಎಫ್‌ಸಿಯಿಂದ ಬಂದಿದ್ದ ಕೆನ್ ಶ್ಯಾಮ್‌ರಾಕ್ ಅವತ್ತಿನ ರೆಫರಿ. ಪಂದ್ಯ ಮುಗಿಯಿತೆಂದು ಹೇಳಿದ್ದು ಅವನು. ಒಳಗೆ ಬಂದಾಗ ಬೈಸಿಕೊಳ್ಳುತ್ತಿದ್ದ ಆಸ್ಟಿನ್ ಹೊರಗೆ ಹೋಗುವಾಗ ಜನರ ಕಣ್ಮಣಿ, ಗೆದ್ದ ಬ್ರೆಟ್ ಖಳನಾಯಕ. 1999ರ ಜನವರಿಯಲ್ಲಿ ದಿ ರಾಕ್, ಕೈಕೋಳ ತೊಟ್ಟಿದ್ದ ಮ್ಯಾನ್‌ಕೈಂಡ್‌ನ ತಲೆಗೆ ಕುರ್ಚಿಯಿಂದ ಮೇಲಿಂದ ಮೇಲೆ ಬಾರಿಸಿದ. ಅದು ‘ಐ ಕ್ವಿಟ್’ ಪಂದ್ಯ, ಅಂದರೆ ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಬೇಕು. ಮೈಕಿನಿಂದ ಮ್ಯಾನ್‌ಕೈಂಡ್‌ನ ದನಿಯೇನೋ ಬಂತು. ಅವನೋ ಬೋರಲು ಬಿದ್ದು ಎಚ್ಚರ ತಪ್ಪಿದ್ದ. ಹಿಂದೆ ಯಾವುದೋ ಸಂದರ್ಶನದಲ್ಲಿ ಆಡಿದ ಮಾತನ್ನು ಟೇಪಿನಿಂದ ಹಾಕಿದ್ದರು!

ಟವೆಲ್, ರೆಫರಿ, ಟೇಪು. ನಾಲ್ಕನೆಯದು ಗಂಟೆ, ಅದು ಮಾತ್ರ ಕಥೆಯೊಳಗಿನದಲ್ಲ. 1997ರ ನವೆಂಬರ್ 9, ಇದೇ ಮಾಂಟ್ರಿಯಲ್, ಇದೇ ಕಟ್ಟಡ. ಆಗ ಹೆಸರು ಮೋಲ್ಸನ್ ಸೆಂಟರ್. ಬ್ರೆಟ್ ಹಾರ್ಟ್ ಇನ್ನೊಂದು ಕಂಪನಿಗೆ ಹೊರಟು ನಿಂತಿದ್ದ. ತನ್ನ ಕೆನಡಾದ ಜನರೆದುರು, ತನಗಾಗದ ಶಾನ್ ಮೈಕೇಲ್ಸ್‌ಗೆ ಸೋಲಲಾರೆ ಎಂದು ಹಟ ಹಿಡಿದಿದ್ದ. ಶಾನ್ ಅವನಿಗೆ ಅವನದೇ ಶಾರ್ಪ್‌ಶೂಟರ್ ಹಾಕುವುದು, ಅವನು ಬಿಡಿಸಿಕೊಳ್ಳುವುದು, ಹೀಗೆ ಮಾತಾಗಿತ್ತು. ಪಟ್ಟು ಬಿತ್ತು, ಬ್ರೆಟ್ ಬಿಡಿಸಿಕೊಳ್ಳುವ ಮೊದಲೇ ರಿಂಗ್ ಪಕ್ಕ ನಿಂತಿದ್ದ ಮಾಲೀಕ ವಿನ್ಸ್ ಮೆಕ್‌ಮಹನ್ ಗಂಟೆ ಬಾರಿಸಿ ಎಂದು ಕೂಗಿದ, ರೆಫರಿ ಅರ್ಲ್ ಹೆಬ್ನರ್ ಸನ್ನೆ ಮಾಡಿದ, ಗಂಟೆ ಬಾರಿಸಿತು. ಬ್ರೆಟ್ ಕೈ ಬಡಿದಿರಲಿಲ್ಲ. ಎದ್ದವನೇ ಮಾಲೀಕನ ಮುಖಕ್ಕೆ ಉಗಿದ. ಎಲ್ಲ ಮೊದಲೇ ಮಾತಾಡಿಕೊಂಡಿರುತ್ತಾರೆ ಅನ್ನುವವರಿಗೆ ನಾನು ಕೊಡುವ ಉದಾಹರಣೆ ಇದೇ. ಮಾತಾಡಿಕೊಂಡಿದ್ದರಿಂದಲೇ ಅದು ಮೋಸವಾಯಿತು.

ಹನ್ನೆರಡು ವರ್ಷ ಬಿಟ್ಟು ಸೋಲೊಪ್ಪುವ ಪ್ರದರ್ಶನಕ್ಕೆ ಕಂಪನಿ ಆರಿಸಿಕೊಂಡ ಜಾಗ ಇದು. ಅದು ಸುಮ್ಮನೆ ಆರಿಸಿದ್ದಲ್ಲ ಎಂದು ಆ ರಾತ್ರಿ ಮುಗಿಯುವ ಹೊತ್ತಿಗೆ ಯಾರಿಗಾದರೂ ಗೊತ್ತಾಗುತ್ತಿತ್ತು.

ಮೊದಲು ನಮ್ಮವನ ವಿಷಯ ಹೇಳಿಬಿಡುತ್ತೇನೆ. ಹಿಮಾಚಲದ ದಲೀಪ್ ಸಿಂಗ್ ರಾಣಾ, ಅಂದರೆ ದಿ ಗ್ರೇಟ್ ಖಲಿ, ಅವತ್ತು ಕೇನ್ ಎದುರು ಇದ್ದ. ಎರಡೂ ಕೈಯಲ್ಲಿ ತಲೆ ಹಿಡಿದು ಅದುಮುವುದು ಖಲಿಯ ಪಟ್ಟು. ಸೋತೆ ಅನ್ನಿಸಲು ಅದಕ್ಕಿಂತ ಸರಳ ವಿಧಾನ ಬೇಕೇ? ಆದರೂ ಅವನಿಗೆ ಕೊಟ್ಟದ್ದು ಬೆತ್ತದೇಟಿನ ಪಂದ್ಯ. ಗೆದ್ದವನು ಕೇನ್. ಖಲಿ ಬಗ್ಗಿ ಯಾರಿಗಾದರೂ ಶಾರ್ಪ್‌ಶೂಟರ್ ಹಾಕುವುದನ್ನು ಊಹಿಸಿಕೊಂಡರೆ ಕಂಪನಿ ಮಾಡಿದ್ದೇ ಸರಿ ಅನಿಸುತ್ತದೆ.

ಜಾನ್ ಸೀನಾ ಮತ್ತು ರ‍್ಯಾಂಡಿ ಆರ್ಟನ್ ಪಂದ್ಯ ಹೇಳಿದಂತೆಯೇ ನಡೆಯಿತು. ರೆಫರಿ ಮೈಕ್ ಹಿಡಿದು ಬಾಯಿಂದ ಬಾಯಿಗೆ ಓಡಾಡಿದ. ಕೈಕೋಳ ಹಾಕಿಸಿಕೊಂಡು ಬಡಿಸಿಕೊಂಡ ಸೀನಾ ಕೊನೆಗೆ ಆರ್ಟನ್ ಬಾಯಿಂದ ಹೇಳಿಸಿ ಬೆಲ್ಟ್ ಕಟ್ಟಿಕೊಂಡ. ಖಳನಾಯಕ ಸೋತೆ ಅಂದರೆ ಯಾರಿಗೂ ನಷ್ಟವಿಲ್ಲ ನೋಡಿ.

ನನ್ನ ಕಣ್ಣಿದ್ದದ್ದು ಶಾನ್ ಮೈಕೇಲ್ಸ್ ಮೇಲೆ. ಆ ರಾತ್ರಿ ಅವನೂ ಟ್ರಿಪಲ್ ಎಚ್‌ನೂ ಒಂದು ಕಡೆ, ಕೋಡಿ ರೋಡ್ಸ್ ಮತ್ತು ಟೆಡ್ ಡಿಬಿಯಾಸಿ ಇನ್ನೊಂದು ಕಡೆ; ಕಟ್ಟಡದ ಯಾವ ಮೂಲೆಯಲ್ಲಾದರೂ ಸೋಲೊಪ್ಪಬಹುದು ಎಂಬ ನಿಯಮ. ಕೊನೆಗೆ ಹುಡುಗರಿಬ್ಬರಿಗೆ ಶಾನ್ ಒಬ್ಬನೇ ಸಿಕ್ಕ. ಒಬ್ಬ ರಿಂಗಿನ ಕಂಬಕ್ಕೆ ಅವನ ಕಾಲುಗಳನ್ನು ತಿರುಚಿ ನೇತುಬಿದ್ದ, ಇನ್ನೊಬ್ಬ ಹಿಂದಿನಿಂದ ಕತ್ತು ಅಮುಕಿದ. ಶಾನ್ ಕೈ ಬಡಿದ. ಬ್ರೆಟ್ ಬಡಿಯದಿದ್ದ ಅದೇ ಕಟ್ಟಡದಲ್ಲಿ, ಬ್ರೆಟ್‌ಗೆ ಮೋಸ ಮಾಡಿದವನೆಂದು ವರ್ಷಗಟ್ಟಲೆ ಛೀಮಾರಿ ಹಾಕುತ್ತಿದ್ದ ಅದೇ ಊರಿನವರ ಮುಂದೆ. ಅವನಿಗೆ ಇದು ಹೊಸತಲ್ಲ. 2005ರ ರೆಸಲ್‌ಮೇನಿಯಾದಲ್ಲಿ ಒಲಿಂಪಿಕ್ ಚಿನ್ನದ ಕರ್ಟ್ ಆಂಗಲ್ ಕಣಕಾಲು ಹಿಡಿದು ತಿರುಚಿದಾಗಲೂ ಎಷ್ಟೋ ಹೊತ್ತು ಒದ್ದಾಡಿ ಕೈ ಬಡಿದಿದ್ದ. ಎರಡು ಸಲವೂ ಅವನ ಮರ್ಯಾದೆಗೇನೂ ಕುಂದು ಬರಲಿಲ್ಲ. ಪ್ರಜ್ಞೆ ತಪ್ಪಿ, ಟವೆಲ್ ಹಾರಿಸಿ, ಟೇಪು ಹಾಕಿ ಉಳಿಸಿದ ಮಾನಗಳಿಗಿಂತ ನನಗೆ ಈ ಕೈ ಇಷ್ಟ. ನೋವಾದರೆ ನೋವಾಯಿತು ಅನ್ನುವ ನಾಯಕ ಅಪರೂಪ, ರಿಂಗಿನಲ್ಲಂತೂ ಇನ್ನೂ ಅಪರೂಪ. ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಟ್ರಂಪ್ ಕಾರ್ಡುಗಳಲ್ಲಿ ಎತ್ತರ, ತೂಕ, ಎದೆ, ತೋಳಿನ ಅಳತೆ ಎಲ್ಲ ಇರುತ್ತಿತ್ತು. ಎಷ್ಟು ಸಲ ಸೋಲೊಪ್ಪಿದ ಅನ್ನುವ ಸಾಲು ಮಾತ್ರ ಇರಲಿಲ್ಲ. ಇದ್ದಿದ್ದರೆ ಶಾನ್ ಕಾರ್ಡಿಗೆ ಬೇರೆಯೇ ಬೆಲೆ ಬರುತ್ತಿತ್ತು.

ಕೊನೆಯ ಪಂದ್ಯ ಸಿ.ಎಂ. ಪಂಕ್ ಮತ್ತು ಅಂಡರ್‌ಟೇಕರ್‌ಗೆ, ಪಂಕ್ ಬಳಿಯಿದ್ದ ವರ್ಲ್ಡ್ ಹೆವಿವೇಟ್ ಪಟ್ಟಕ್ಕೆ. ಏಳು ಜೀವದವನೆಂದು ನಾವು ನಂಬಿಕೊಂಡಿದ್ದ ಅಂಡರ್‌ಟೇಕರ್ ‘ಹೆಲ್ಸ್ ಗೇಟ್’ ಎಂಬ ಉಸಿರುಗಟ್ಟಿಸುವ ಪಟ್ಟು ಹಾಕಿದ, ಪಂಕ್ ಕೈ ಬಡಿದ, ಗಂಟೆ ಹೊಡೆಯಿತು. ಆಟ ಮುಗಿಯಿತಲ್ಲ? ಜನರಲ್ ಮ್ಯಾನೇಜರ್ ಟೆಡ್ಡಿ ಲಾಂಗ್ ನಡೆದು ಬಂದ. ಆ ಪಟ್ಟನ್ನು ಹಿಂದೆ ಇದೇ ಕುರ್ಚಿಯಲ್ಲಿದ್ದ ವಿಕಿ ಗೆರೆರೊ ನಿಷೇಧಿಸಿದ್ದಳು, ನಿಷೇಧ ಇನ್ನೂ ಜಾರಿಯಲ್ಲಿದೆ, ಪಂದ್ಯ ಮತ್ತೆ ನಡೆಯಲಿ ಅಂದ. ಯಾವುದೋ ಹಳೆಯ ಸುತ್ತೋಲೆ ತೋರಿಸಿ ಫೈಲು ವಾಪಸು ಕಳಿಸುವ ಗುಮಾಸ್ತರ ಕಳೆ ಆ ಮುಖದಲ್ಲಿ. ಪಂಕ್ ತಕ್ಷಣ ತನ್ನ ಪಟ್ಟು ಹಾಕಿದ. ಅಂಡರ್‌ಟೇಕರ್ ಕೈ ಬಡಿಯಲಿಲ್ಲ, ಬಾಯಿ ಬಿಡಲಿಲ್ಲ. ರೆಫರಿ ಸ್ಕಾಟ್ ಆರ್ಮ್‌ಸ್ಟ್ರಾಂಗ್ ಗಂಟೆ ಹೊಡೆಸಿಬಿಟ್ಟ.

ಸೋತವನೇ ಹೇಳಬೇಕು ಎಂದು ದುಡ್ಡು ತೆಗೆದುಕೊಂಡ ಪ್ರದರ್ಶನವನ್ನು ಗಂಟೆ ಹೊಡೆದು ಮುಗಿಸಿದರು. 1997ರದು ಮೋಸವಾಗಿತ್ತು, ಇದು ಅದರ ನಕಲು. ಮೋಸಕ್ಕೂ ಒಂದು ಅಸಲಿ ಕಿಮ್ಮತ್ತಿದೆ, ನಕಲಿಗೆ ಅದಿಲ್ಲ. ಸಭೆ ಬೊಬ್ಬೆ ಹಾಕಿತು.

ಬ್ರೇಕಿಂಗ್ ಪಾಯಿಂಟ್ ಮತ್ತೆಂದೂ ನಡೆಯಲಿಲ್ಲ. ಮುಂದಿನ ತಿಂಗಳ ‘ಹೆಲ್ ಇನ್ ಎ ಸೆಲ್’ ಮಾತ್ರ ವರ್ಷವರ್ಷವೂ ಬರತೊಡಗಿತು. ರಿಂಗಿನ ಸುತ್ತ ಇಳಿಬಿಟ್ಟ ಕಬ್ಬಿಣದ ಪಂಜರ ಕೊನೆಯ ಸಾಲಿಗೂ ಕಾಣುತ್ತದೆ. ತಿರುಚಿದ ಕಣಕಾಲು ಮೂರನೇ ಸಾಲು ದಾಟಿದರೆ ಯಾರಿಗೂ ಕಾಣುವುದಿಲ್ಲ. ಅಕ್ಟೋಬರ್ 4ರಂದು ಆ ಪಂಜರದೊಳಗೆ ಅಂಡರ್‌ಟೇಕರ್ ಪಂಕ್‌ನನ್ನು ತಲೆಕೆಳಗು ಮಾಡಿ ಕುಕ್ಕಿದ. ಸೋತೆ ಅನ್ನಿಸುವ ಗೋಜಿಗೇ ಹೋಗದೆ, ಭುಜ ನೆಲಕ್ಕೊತ್ತಿ ಮೂರೆಣಿಸಿ ಪಟ್ಟ ತೆಗೆದುಕೊಂಡು ಹೋದ.