ಬಲೆಗೆ ಬಂದ ಕಸವನ್ನು ದೊಡ್ಡಪ್ಪ ಎಲ್ಲಿ ಹಾಕಬೇಕು?

ಹೋದ ವಾರ ಊರಿಗೆ ಹೋಗಿದ್ದೆ. ಕುಂದಾಪುರದ ಕಡೆ, ಕಡಲಿನಿಂದ ಕೂಗಳತೆ ದೂರದಲ್ಲಿ ನಮ್ಮ ಮನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲಿನ ಅಬ್ಬರವೂ ಜಾಸ್ತಿ. ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ದೊಡ್ಡಪ್ಪ ಜಗಲಿಯಲ್ಲಿ ಕೂತು ಬಲೆ ರಿಪೇರಿ ಮಾಡುತ್ತಿದ್ದರು. ಹೊರಗೆ ಒಂದೇ ಸಮನೆ ಮಳೆ.

ನಾನೂ ಹತ್ತಿರ ಹೋಗಿ ಕೂತೆ. ಬಲೆಯ ಕಣ್ಣುಗಳಲ್ಲಿ ಸಿಕ್ಕಿದ್ದ ಏನೇನನ್ನೋ ಅವರು ಒಂದೊಂದಾಗಿ ಕಿತ್ತು ಪಕ್ಕಕ್ಕೆ ಇಡುತ್ತಿದ್ದರು. ಶಾಂಪೂ ಪೊಟ್ಟಣದ ಚೂರು. ಗುಟ್ಕಾ ಚೀಟಿ. ಎಣ್ಣೆ ಪ್ಯಾಕೆಟ್ಟಿನ ತುದಿ. ಬೇರೆ ಯಾವುದೋ ಬೋಟಿನ ಬಲೆಯ ಹಸಿರು ನೂಲು. ಸ್ವಲ್ಪ ಹೊತ್ತಿಗೆಲ್ಲ ಒಂದು ಬೊಗಸೆ ಆಯಿತು. ಕಡಲಿನಲ್ಲಿ ಬಲೆ ಎಳೆದಾಗ ಎಷ್ಟು ಬರುತ್ತದೆ ಎಂದು ಕೇಳಿದೆ. ಕೆಲವು ಸಲ ಮೀನಿಗಿಂತ ಅದೇ ಜಾಸ್ತಿ ಎಂದರು. ಅದನ್ನು ಏನು ಮಾಡ್ತೀರಿ ಅಂದೆ.

"ವಾಪಸ್ ಕಡ್ಲಿಗೇ ಹಾಕುದ್ ಮತ್ತೆ. ತಕಂಡ್ ಬಂದ್ ಎಲ್ ಹಾಕುದ್ ಮಾರಾಯ್ತಿ?"

ನನಗೆ ಸಿಟ್ಟು ಬಂತು. ಎರಡು ಮಾತು ಜೋರಾಗಿಯೇ ಆಡಿದೆ. ದೊಡ್ಡಪ್ಪ ಏನೂ ಹೇಳಲಿಲ್ಲ, ಸೂಜಿಗೆ ನೂಲು ಸುತ್ತುತ್ತಾ ಕೂತರು. ಆಮೇಲೆ ದೊಡ್ಡಮ್ಮ ಒಳಗಿನಿಂದ ಬಂದು ಹಿಂದಿನ ವರ್ಷದ ಕಥೆ ಹೇಳಿದರು.

ಒಂದು ಸಲ ಬೋಟಿನವರೆಲ್ಲ ಸೇರಿ ಬಲೆಗೆ ಬಂದ ಕಸವನ್ನು ನಾಲ್ಕು ಗೋಣಿಚೀಲದಲ್ಲಿ ತುಂಬಿಕೊಂಡು ಬಂದಿದ್ದರಂತೆ. ವಾರಗಟ್ಟಲೆ ಕಡಲಿನಲ್ಲಿರುವ ಬೋಟು ಅದು. ಐಸು, ಮೀನು, ಡೀಸೆಲ್, ಅಡುಗೆ ಸಾಮಾನು, ಜನ ಎಲ್ಲ ಅಷ್ಟರಲ್ಲೇ ಆಗಬೇಕು. ಅದರ ನಡುವೆ ನಾಲ್ಕು ಚೀಲ ನಾರುವ ಕಸ ಇಟ್ಟುಕೊಂಡು ಬಂದಿದ್ದಾರೆ. ದಡಕ್ಕೆ ಬಂದ ಮೇಲೆ ತಗೊಳ್ಳುವವರೇ ಇಲ್ಲ. ಒಂದು ಕಚೇರಿಯಲ್ಲಿ ಕಡಲಿನ ಕಸ ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಅಂದರು. ಇನ್ನೊಂದು ಕಡೆ ಮನೆ ಕಸ ಆದರೆ ಮಾತ್ರ ಗಾಡಿ ಕಳಿಸ್ತೇವೆ ಅಂದರು. ಮೂರು ದಿನ ಚೀಲಗಳು ದಕ್ಕೆಯಲ್ಲೇ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲೇ ಬಿದ್ದಿದ್ದವು. ಮೀನಿನ ವಾಸನೆಗೆ ನಾಯಿಗಳು ಬಂದು ಹರಿದವು. ಗಾಳಿ ಬೀಸಿತು. ಎಲ್ಲವೂ ಮತ್ತೆ ನೀರಿಗೇ ಹೋಯಿತು.

ಅವತ್ತಿನಿಂದ ಅವರು ತರುವುದನ್ನು ಬಿಟ್ಟರು. ನನ್ನ ಸಿಟ್ಟು ಎಲ್ಲಿಗೆ ಹೋಗಬೇಕಿತ್ತು ಎಂದು ನನಗೆ ಆಗ ತಿಳಿಯಿತು.

ನಾನು ಕೇಳುವುದು ಇಷ್ಟೇ. ನಮ್ಮ ಕರಾವಳಿಯ ಪ್ರತಿ ಮೀನುಗಾರಿಕಾ ಬಂದರಿನಲ್ಲೂ ಬೋಟಿನವರು ತರುವ ಕಸವನ್ನು, ಹರಿದ ಬಲೆಯನ್ನು ತೆಗೆದುಕೊಳ್ಳುವ ಒಂದು ಜಾಗ ಬೇಕು. ತಂದವರಿಗೆ ಕೆಜಿಗೆ ಇಷ್ಟು ಎಂದು ದುಡ್ಡು ಕೊಡಬೇಕು. ಬೀಚ್ ಸ್ವಚ್ಛತೆಗೆ ಬರುವ ಮಕ್ಕಳ ಬಗ್ಗೆ ನನಗೆ ಪ್ರೀತಿ ಇದೆ, ನಾನೂ ಹೋಗಿದ್ದೇನೆ. ಆದರೆ ಅವರು ಹೆಕ್ಕುವುದು ಕಡಲು ವಾಪಸ್ ಎಸೆದದ್ದನ್ನು ಮಾತ್ರ. ತಳದಲ್ಲಿ ಕೂತಿರುವುದನ್ನು ದಿನಾ ಮೇಲೆ ಎತ್ತುತ್ತಿರುವವರು ಮೀನುಗಾರರು. ಕೈಗೆ ಬಂದ ಕಸವನ್ನು ನಾವೇ ಅವರಿಂದ ಮತ್ತೆ ಕಡಲಿಗೆ ಹಾಕಿಸುತ್ತಿದ್ದೇವೆ.

ಇದು ಆಗದ ಕೆಲಸವೇನಲ್ಲ. ಪಕ್ಕದ ಕೇರಳದಲ್ಲಿ ಮಾಡಿ ತೋರಿಸಿದ್ದಾರೆ. ಕೊಲ್ಲಂ ಹತ್ತಿರದ ನೀಂಡಕರ ಬಂದರಿನಲ್ಲಿ 2017ರಲ್ಲಿ 'ಶುಚಿತ್ವ ಸಾಗರಂ' ಎಂಬ ಯೋಜನೆ ಶುರುವಾಯಿತು. ಬೋಟಿನವರಿಗೆ ಚೀಲ ಕೊಟ್ಟರು. ಬಲೆಗೆ ಬಂದ ಪ್ಲಾಸ್ಟಿಕ್ಕನ್ನು ಅದರಲ್ಲಿ ತುಂಬಿ ತಂದರೆ ಬಂದರಿನಲ್ಲೇ ತೆಗೆದುಕೊಳ್ಳುವ ವ್ಯವಸ್ಥೆ ಮಾಡಿದರು. ಮೀನುಗಾರ ಕುಟುಂಬಗಳ ಹೆಂಗಸರು ಅದನ್ನು ತೊಳೆದು ಬೇರೆ ಮಾಡಿದರು. ಯಂತ್ರದಲ್ಲಿ ಪುಡಿ ಮಾಡಿ, ರಸ್ತೆಗೆ ಹಾಕುವ ಡಾಂಬರಿಗೆ ಸೇರಿಸಿದರು. ದಡದಲ್ಲಿ ತಗೊಳ್ಳುವವರು ಇದ್ದರು, ಹಾಗಾಗಿ ಬೋಟಿನವರು ತಂದರು.

ದೊಡ್ಡ ಹಡಗುಗಳ ವಿಷಯದಲ್ಲಿ ಈ ನಿಯಮ ಎಂದೋ ಆಗಿದೆ. ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇದೆ. ಅದರ ಐದನೆಯ ಅನುಬಂಧ 1988ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಕಡಲಿಗೆ ಯಾವ ರೂಪದ ಪ್ಲಾಸ್ಟಿಕ್ಕನ್ನೂ ಎಸೆಯುವಂತಿಲ್ಲ, ನೈಲಾನ್ ಬಲೆಯನ್ನೂ ಸೇರಿಸಿ. ಹಡಗು ತಂದ ಕಸವನ್ನು ತೆಗೆದುಕೊಳ್ಳುವ ಸೌಕರ್ಯ ಬಂದರಿನಲ್ಲಿ ಇರಬೇಕು ಎಂದೂ ಅದರಲ್ಲಿದೆ. ಹಡಗಿನ ಕ್ಯಾಪ್ಟನ್‌ಗೆ ಸಿಗುವ ಸೌಕರ್ಯ ನಮ್ಮ ದೊಡ್ಡಪ್ಪನಿಗೆ ಯಾಕೆ ಸಿಗಬಾರದು?

ಬಲೆಯ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಅಜ್ಜನ ಕಾಲದಲ್ಲಿ ಹತ್ತಿ ನೂಲಿನ, ಸಣಬಿನ ಬಲೆ ಇತ್ತು. ಅದು ಬೇಗ ಕೊಳೆಯದಿರಲಿ ಎಂದು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸುತ್ತಿದ್ದರಂತೆ. ಕಡಲಿನಲ್ಲಿ ಕಳೆದುಹೋದರೆ ಕೆಲವು ಕಾಲದಲ್ಲಿ ಕರಗಿ ಮಣ್ಣಾಗುತ್ತಿತ್ತು. ನೈಲಾನ್ ಹಾಗಲ್ಲ. ಅದು ಕೊಳೆಯುವುದಿಲ್ಲ, ನೀರಿಗಿಂತ ಭಾರ, ಆದ್ದರಿಂದ ತಳಕ್ಕೆ ಇಳಿಯುತ್ತದೆ. ಬಂಡೆಗೆ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ಬೋಟಿನ ಹಿಂದೆ ಎಳೆಯುವ ಟ್ರಾಲ್ ಬಲೆಗೆ ಬಳಸುವ ಪಾಲಿಎಥಿಲೀನ್ ಹಗುರ, ಅದು ತೇಲುತ್ತಾ ಊರೂರು ಸುತ್ತುತ್ತದೆ. ಎರಡೂ ಯಜಮಾನನಿಲ್ಲದೆ ಮೀನು ಹಿಡಿಯುತ್ತಲೇ ಇರುತ್ತವೆ. ಸಿಕ್ಕಿದ ಮೀನು ಸಾಯುತ್ತದೆ, ಅದನ್ನು ತಿನ್ನಲು ಬಂದ ಏಡಿಯೂ ಸಿಕ್ಕಿಬೀಳುತ್ತದೆ.

ಕೋಡಿ ಕಡಲತೀರದಲ್ಲಿ ಚಳಿಗಾಲಕ್ಕೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆ. ಒಂದೂವರೆ, ಎರಡು ತಿಂಗಳಿಗೆ ಮರಿ ಹೊರಗೆ ಬಂದು ನೀರಿನ ಕಡೆ ಓಡುತ್ತವೆ. ಅದನ್ನು ನೋಡಿದವರಿಗೆ ಮರೆಯಲು ಆಗುವುದಿಲ್ಲ. ಎರಡು ವರ್ಷದ ಹಿಂದೆ ನಾನು ನೋಡಿದ್ದು ಬೇರೆ. ದೊಡ್ಡ ಹೆಣ್ಣಾಮೆ, ಮುಂದಿನ ಎರಡೂ ರೆಕ್ಕೆಗೆ ಹಸಿರು ಬಲೆ ಬಿಗಿದಿತ್ತು. ಒಂದು ಕಡೆ ನೂಲು ಎಲುಬಿನವರೆಗೂ ಇಳಿದಿತ್ತು. ಆಮೆಗೂ ನಮ್ಮ ಹಾಗೆ ಗಾಳಿ ಬೇಕು. ಆಗಾಗ ಮೇಲೆ ಬಂದು ಉಸಿರು ತೆಗೆದುಕೊಳ್ಳಬೇಕು. ಮೇಲೆ ಬರಲು ಆಗದಿದ್ದರೆ ಕಡಲಿನಲ್ಲೇ ಬೆಳೆದ ಜೀವ ಕಡಲಿನಲ್ಲೇ ಮುಳುಗಿ ಸಾಯುತ್ತದೆ. ನಮ್ಮ ಮನೆಯಲ್ಲಿ ಆಮೆ ಬಲೆಗೆ ಬಂದರೆ ಕೈಮುಗಿದು ಬಿಡುತ್ತಾರೆ. ದೊಡ್ಡಮ್ಮ ಅವತ್ತು ಅದರ ಬೆನ್ನಿನ ಮೇಲಿನ ಮರಳು ಒರೆಸಿ ಅಲ್ಲೇ ಕೂತುಬಿಟ್ಟರು.

ಇನ್ನೊಂದು ಸಂಗತಿ. ಕಡಲಾಮೆಯ ಗಂಟಲಿನಲ್ಲಿ ಒಳಮುಖವಾಗಿ ಬಾಗಿದ ಮುಳ್ಳುಗಳಿರುತ್ತವೆ. ಲೋಳೆಮೀನು ಜಾರಿ ಹೊರಗೆ ಹೋಗದಿರಲಿ ಎಂದು ಇರುವ ಏರ್ಪಾಡು. ಪ್ಲಾಸ್ಟಿಕ್ ಚೀಲವನ್ನು ಲೋಳೆಮೀನು ಎಂದುಕೊಂಡು ಬಾಯಿಗೆ ಹಾಕಿಕೊಂಡರೆ ಅದೇ ಮುಳ್ಳು ಅದನ್ನು ಉಗುಳಲು ಬಿಡುವುದಿಲ್ಲ.

ಹಡಗುಗಳಿಂದ ಆಗುವ ಹಾನಿ ಪೇಪರಿನಲ್ಲಿ ಬರುತ್ತದೆ, ಆಮೇಲೆ ಮರೆತುಹೋಗುತ್ತದೆ. 2006ರಲ್ಲಿ ಕಾರವಾರದ ಹತ್ತಿರ 'ಓಶನ್ ಸೆರಾಯಾ' ಬಂಡೆಗೆ ಬಡಿದು ಎಣ್ಣೆ ಚೆಲ್ಲಿತು. 2022ರಲ್ಲಿ ಉಳ್ಳಾಲದ ಎದುರು 'ಪ್ರಿನ್ಸೆಸ್ ಮಿರಾಲ್' ಮುಳುಗಿತು. 2025ರ ಮೇ 25ರಂದು ಕೇರಳದ ಕಡಲಿನಲ್ಲಿ 'ಎಂಎಸ್‌ಸಿ ಎಲ್ಸಾ 3' ಮುಳುಗಿದಾಗ ಅದರಲ್ಲಿ 640 ಕಂಟೇನರ್ ಇದ್ದವು. ಅಕ್ಕಿಕಾಳಿನಷ್ಟು ಚಿಕ್ಕ ಬಿಳಿ ಪ್ಲಾಸ್ಟಿಕ್ ಕಾಳು ತಿರುವನಂತಪುರದ ಮರಳಿನ ಮೇಲೆ ಹರಡಿತು. ಜನ ಜರಡಿ ಹಿಡಿದು ಮರಳು ಸೋಸಿದರು. ಮೀನು ತಿನ್ನಬಹುದಾ ಎಂದು ಹೆದರಿದರು. ಯಾವ ತಪ್ಪೂ ಮಾಡದ ಮೀನುಗಾರರ ಹೊಟ್ಟೆಗೆ ಪೆಟ್ಟು ಬಿತ್ತು.

ಘಟ್ಟದ ಮೇಲಿನ ಗೆಳೆಯರಿಗೆ ಇದೆಲ್ಲ ಕರಾವಳಿಯವರ ಕಥೆ ಅನ್ನಿಸಬಹುದು. ನಾನು ಬೆಂಗಳೂರಿನಲ್ಲಿ ಇರುವುದು ವರ್ತೂರಿನ ಹತ್ತಿರ. ನಮ್ಮ ಅಪಾರ್ಟ್‌ಮೆಂಟಿನ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದ್ದೀರಾ? ಬೆಳ್ಳಂದೂರು ಕೆರೆ, ಅಲ್ಲಿಂದ ವರ್ತೂರು ಕೆರೆ, ಅಲ್ಲಿಂದ ದಕ್ಷಿಣ ಪಿನಾಕಿನಿ. ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಅದೇ ನೀರು ನೊರೆ ಉಕ್ಕಿಸುತ್ತದೆ. ಆ ಹೊಳೆ ತಮಿಳುನಾಡನ್ನು ದಾಟಿ ಬಂಗಾಳ ಕೊಲ್ಲಿ ಸೇರುವುದು ಕಡಲೂರಿನ ಹತ್ತಿರ. ಬೆಂಗಳೂರಿನ ಇನ್ನೊಂದು ಕಡೆಯ ವೃಷಭಾವತಿ ಹೊಳೆ ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ, ಕಾವೇರಿ ಪೂಂಪುಹಾರಿನಲ್ಲಿ ಕಡಲಿಗೆ. ಬೆಂಗಳೂರಿನ ರಾಜಕಾಲುವೆಗೆ ಬಿದ್ದ ಒಂದು ಶಾಂಪೂ ಪೊಟ್ಟಣಕ್ಕೂ ಕಡಲಿಗೆ ದಾರಿ ಇದೆ. ಅಲ್ಲೂ ಯಾರದೋ ದೊಡ್ಡಪ್ಪ ಬಲೆಯ ಕಣ್ಣಿನಿಂದ ಅದನ್ನು ಕೀಳುತ್ತಿರುತ್ತಾರೆ.

2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶದಲ್ಲಿ ನಿಷೇಧ ಇದೆ. ಸ್ಟ್ರಾ, ಚಮಚ, ತಟ್ಟೆ ಆ ಪಟ್ಟಿಯಲ್ಲಿವೆ. ದೊಡ್ಡಪ್ಪ ಕಿತ್ತು ಗುಡ್ಡೆ ಹಾಕಿದ್ದರಲ್ಲಿ ಹೆಚ್ಚಿನದು ಚಿಕ್ಕ ಪೊಟ್ಟಣಗಳು, ಶಾಂಪೂವಿನವು, ಚಿಪ್ಸಿನವು. ಅವು ಆ ಪಟ್ಟಿಯಲ್ಲಿಲ್ಲ. ಗುಜರಿಯವರಿಗೂ ಅವು ಬೇಡ, ತೂಕ ಇಲ್ಲ, ಬೆಲೆ ಇಲ್ಲ. ಅದನ್ನು ಮಾರಿ ಲಾಭ ಮಾಡಿದ ಕಂಪನಿಗಳ ದುಡ್ಡಿನಿಂದಲೇ ಬಂದರಿನ ಕಸದ ಜಾಗ ನಡೆಯಬೇಕು ಎನ್ನುವುದು ನನ್ನ ಅಭಿಪ್ರಾಯ. ಪ್ಯಾಕೆಟ್ ಮಾಡಿದವರೇ ಅದರ ಕಸಕ್ಕೂ ಜವಾಬ್ದಾರರು ಎಂದು ನಮ್ಮ ಕಾನೂನಿನಲ್ಲಿ ಈಗಾಗಲೇ ಇದೆ.

ಊರಿನಿಂದ ಹೊರಡುವ ದಿನ ದೊಡ್ಡಪ್ಪನ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಈ ಸಲ ಮತ್ತೆ ಚೀಲದಲ್ಲಿ ತುಂಬಿ ತನ್ನಿ, ದಡಕ್ಕೆ ಬಂದ ಮೇಲೆ ನಾನು ನೋಡಿಕೊಳ್ಳುತ್ತೇನೆ ಅಂದೆ. ಅವರು ಸುಮ್ನೆ ನನ್ನ ಮುಖ ನೋಡಿದರು. ಆಮೇಲೆ ಅಟ್ಟದಿಂದ ಆರು ಖಾಲಿ ಚೀಲ ಇಳಿಸಿ ಬಲೆಯ ಪಕ್ಕ ಇಟ್ಟರು.

ಆಗಸ್ಟ್ 1ಕ್ಕೆ ಬೋಟು ಹೊರಡುತ್ತದೆ. ವಾಪಸ್ ಬರುವ ಹೊತ್ತಿಗೆ ನಾನು ರಜೆ ಹಾಕಿ ದಕ್ಕೆಯಲ್ಲಿ ಇರುತ್ತೇನೆ. ನಿಟ್ಟೆಯ ಒಣಕಸ ಘಟಕದ ಬಗ್ಗೆ ಕೇಳಿದ್ದೇನೆ. ಉಪ್ಪುನೀರು ಹಿಡಿದ ಪ್ಲಾಸ್ಟಿಕ್, ಹರಿದ ನೈಲಾನ್ ಬಲೆಯನ್ನು ಅಲ್ಲಿ ತೆಗೆದುಕೊಳ್ಳುತ್ತಾರಾ? ಉಡುಪಿ, ಮಂಗಳೂರು ಕಡೆ ಹಳೆ ಬಲೆ ಕೊಳ್ಳುವವರು ಯಾರಾದರೂ ಇದ್ದಾರಾ? ಕುಂದಾಪುರದಿಂದ ಸಾಗಿಸಲು ಒಂದು ಟೆಂಪೋ ಕೊಡಬಲ್ಲವರು ಇದ್ದೀರಾ? ಗೊತ್ತಿದ್ದವರು ದಯವಿಟ್ಟು ಇಲ್ಲೇ ಬರೆಯಿರಿ.