ಕೊಡೆ ಹಿಡಿದ ಡಾನ್

ಜುಲೈ ತಿಂಗಳು. ಶಿವಮೊಗ್ಗದಲ್ಲಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಕ್ಲಾಸಿನ ಬಾಗಿಲ ಬಳಿ ಒದ್ದೆ ಕೊಡೆಗಳ ರಾಶಿ. ಬಿ.ಎ. ಹುಡುಗರಿಗೆ ಅನುವಾದ ಮಾಡೋಕೆ ಇಂಗ್ಲಿಷಿನ ನಾಲ್ಕು ಸಾಲು ನಾನೇ ಬರೆದು ಕೊಟ್ಟಿದ್ದೆ. ಮೊದಲ ಸಾಲಿನಲ್ಲಿ ಆಕ್ಸ್‌ಫರ್ಡಿನ ಒಬ್ಬ 'ಡಾನ್' ಕೊಡೆ ಹಿಡಿದು ಕಾಲೇಜಿನ ಅಂಗಳ ದಾಟುತ್ತಾನೆ. ಅಷ್ಟೇ.

ಹೊಸನಗರದ ಕಡೆಯ ಹುಡುಗ ಎದ್ದು ಓದಿದ. 'ಆಕ್ಸ್‌ಫರ್ಡ್‌ನ ಕುಖ್ಯಾತ ರೌಡಿಯೊಬ್ಬ ಕೊಡೆ ಹಿಡಿದು ಕಾಲೇಜಿಗೆ ನುಗ್ಗಿದನು.'

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಬಗ್ಗಿ ನೋಡಿದರೆ ಎಲ್ಲರ ನೋಟ್ ಬುಕ್ಕಿನಲ್ಲೂ ರೌಡಿಯೇ ಇದ್ದ. 'ಕುಖ್ಯಾತ' ಮಾತ್ರ ಇವನ ಸ್ವಂತ ಕೊಡುಗೆ. ಹಿಂದಿನ ಬೆಂಚಿನವನೊಬ್ಬನಿಗೆ ಅನುಮಾನ ಬಂತು. 'ರೌಡಿಗೆ ಕೊಡೆ ಎಂತಕ್ಕೆ ಸಾರ್?' ನಾನು ಬಾಯಿ ತೆರೆಯುವ ಮೊದಲೇ ಹೊಸನಗರದವನು ಹೇಳಿದ. 'ಲಾಂಗು ಕೊಡೆ ಒಳಗಿರ್ತದೆ ಮಾರಾಯ.'

ಡಾನ್ ಅಂದರೆ ಅಲ್ಲಿ ಯೂನಿವರ್ಸಿಟಿ ಮೇಷ್ಟ್ರು ಕಣ್ರೋ ಅಂದೆ. ಆಗ ನಕ್ಕರು. ಸಾರ್ ಜೋಕ್ ಮಾಡ್ತಿದ್ದಾರೆ ಅಂದುಕೊಂಡರು. ಡಿಕ್ಷನರಿ ತೆಗೆದು ತೋರಿಸಿದ ಮೇಲೂ ಅರ್ಧ ಜನ ನಂಬಿದ ಹಾಗೆ ಕಾಣಲಿಲ್ಲ.

ಅವರ ತಪ್ಪೂ ಇಲ್ಲ ಬಿಡಿ. ಆ ಪದದ ನಡವಳಿಕೆಯೇ ಹಾಗಿದೆ. ಲ್ಯಾಟಿನ್ನಿನಲ್ಲಿ 'ದೋಮಿನುಸ್' ಅಂತ ಒಂದು ಪದ. ಮನೆಯ ಯಜಮಾನ, ಒಡೆಯ ಅಂತ ಅರ್ಥ. ಅದು ಸ್ಪೇನಿಗೆ ಹೋಗಿ 'ದೋನ್' ಆಯಿತು. ಅಲ್ಲಿ ಮರ್ಯಾದಸ್ಥರ ಹೆಸರಿನ ಮುಂದೆ ಹಚ್ಚುವ ಪದ. ಇಂಗ್ಲಿಷರು ಅದನ್ನು ತಂದುಕೊಂಡರು. ಹದಿನೇಳನೇ ಶತಮಾನದಲ್ಲಿ ಯೂನಿವರ್ಸಿಟಿ ಹುಡುಗರು ತಮಾಷೆಗೆ ಮೇಷ್ಟ್ರುಗಳಿಗೆ ಡಾನ್ ಅನ್ನತೊಡಗಿದರು. ಹುಡುಗರು ಇಟ್ಟ ಅಡ್ಡಹೆಸರು, ಹೋಗಲೇ ಇಲ್ಲ. ಇಟಲಿಯ ದಕ್ಷಿಣದಲ್ಲಿ ಅದೇ ಪದ ಪಾದ್ರಿಗಳಿಗೆ, ಊರ ದೊಡ್ಡವರಿಗೆ, ಆಮೇಲೆ ಮಾಫಿಯಾ ದೊಡ್ಡವರಿಗೂ ಅಂಟಿಕೊಂಡಿತು. ಅಲ್ಲಿಂದ ಅಮೆರಿಕದ ಸಿನಿಮಾ, ಅಲ್ಲಿಂದ ಬಾಂಬೆ, ಅಲ್ಲಿಂದ ನಮ್ಮೂರ ಟಾಕೀಸು. ಒಂದೇ ತಾಯಿಯ ಇಬ್ಬರು ಮಕ್ಕಳು. ಒಬ್ಬ ಲೈಬ್ರರಿ ಸೇರಿದ, ಇನ್ನೊಬ್ಬ ಭೂಗತನಾದ. ಹೊಸನಗರದವರೆಗೂ ಬಂದವನು ಎರಡನೆಯವನೇ.

ಇಂಗ್ಲೆಂಡಿನಲ್ಲೂ ಸಿಕ್ಕಿದವರನ್ನೆಲ್ಲ ಡಾನ್ ಅನ್ನೋದಿಲ್ಲ. ಮುಖ್ಯವಾಗಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಕಾಲೇಜಿನವರಿಗೆ ಆ ಮಾತು. ಅದು ಹುದ್ದೆಯಲ್ಲ, ಹೆಸರಿನ ಹಿಂದೆ ಮುಂದೆ ಬರೆದುಕೊಳ್ಳುವ ಹಾಗಿಲ್ಲ. ಲೂಯಿಸ್ ಕ್ಯಾರಲ್ ಅನ್ನೋ ಹೆಸರಲ್ಲಿ ಮಕ್ಕಳ ಕಥೆ ಬರೆದ ಚಾರ್ಲ್ಸ್ ಡಾಡ್ಜ್‌ಸನ್ ಇದ್ದರಲ್ಲ, ಅವರು ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತದ ಡಾನ್. ಡಾನ್ ಥರದವನು ಅಂದರೆ ಪುಸ್ತಕದಲ್ಲೇ ಮುಳುಗಿದವನು, ಲೋಕದ ಗೊಡವೆ ಇಲ್ಲದವನು ಅಂತ ಅರ್ಥ. ನೈಜೀರಿಯಾದ ಪೇಪರಿನವರು ಮಾತ್ರ ಧಾರಾಳಿಗಳು. ಅಲ್ಲಿ ಯಾವ ಯೂನಿವರ್ಸಿಟಿ ಮೇಷ್ಟ್ರೇ ಭಾಷಣ ಮಾಡಲಿ, ಹೆಡ್‌ಲೈನಿನಲ್ಲಿ ಡಾನ್. ನಮ್ಮ ಶಂಕರಘಟ್ಟದವರಿಗೂ ಅಲ್ಲಿ ಆ ಭಾಗ್ಯ ಸಿಗುತ್ತಿತ್ತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಶುರುವಾಗಿದ್ದು 1987ರಲ್ಲಿ. ಇಲ್ಲಿಯವರೆಗೆ ಅಲ್ಲಿಯ ಒಬ್ಬ ಪ್ರೊಫೆಸರನ್ನೂ ಯಾರೂ ಡಾನ್ ಅಂದಿದ್ದು ನಾನಂತೂ ಕೇಳಿಲ್ಲ. ಅಂದಿದ್ದರೆ ಪೊಲೀಸರು ಬರ್ತಿದ್ದರೋ ಏನೋ.

ಈ ಕಥೆಯನ್ನು ಮನೆಯಲ್ಲಿ ಹೇಳಿದೆ. ಅಮ್ಮ ತೀರ್ಥಹಳ್ಳಿ ಕಡೆಯವಳು. ಅಡಿಕೆ ಹೋಳು ಮಾಡ್ತಾ ಕೂತಿದ್ದಳು. ತಲೆ ಎತ್ತದೆ ಹೇಳಿದಳು. 'ಅದರಲ್ಲಿ ಎಂತ ವಿಶೇಷ? ನಮ್ಮಲ್ಲಿ ಐಗಳು ಅಂತಿರಲಿಲ್ವಾ?'

ಅಡಕತ್ತರಿ ಸದ್ದಿನ ನಡುವೆ ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಹೌದಲ್ಲ! ಹಿಂದೆ ಮಲೆನಾಡಿನ ಮನೆ ಜಗಲಿಗಳಲ್ಲಿ ಮಕ್ಕಳಿಗೆ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದವರು ಐಗಳು. ಕುವೆಂಪು ಅವರ ಮಲೆನಾಡಿನ ಕಥೆಗಳಲ್ಲೂ ಸಿಗ್ತಾರೆ. 'ಅಯ್ಯ'ನಿಗೆ ಮರ್ಯಾದೆ ಸೇರಿಸಿದರೆ ಅಯ್ಯಗಳು, ಐಗಳು. ಅಯ್ಯ ಅಂದರೆ? ಒಡೆಯ, ಯಜಮಾನ. ದೋಮಿನುಸ್ ಅಂದರೂ ಅದೇ. ಸಾವಿರಾರು ಮೈಲಿ ದೂರ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಊರಿನವರು ಮೇಷ್ಟ್ರಿಗೆ ಒಂದೇ ಹೆಸರಿಟ್ಟಿದ್ದಾರೆ. ಒಡೆಯನ ಹತ್ತಿರ ಒಡೆತನಕ್ಕೆ ಏನಿತ್ತು ಅಂತ ಕೇಳಬೇಡಿ. ಐಗಳ ಸಂಬಳ ಹೆಚ್ಚಿನಂಶ ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ. ಅಮ್ಮನ ಅಜ್ಜನಿಗೆ ಕಲಿಸಿದ ಐಗಳಿಗಂತೂ ಊಟಕ್ಕೆ ವಾರಕ್ಕೊಂದು ಮನೆಯಂತೆ.

ನಮ್ಮ ಈಗಿನ ಹೆಸರುಗಳು ಸಂಬಳದ ಜೊತೆಗೆ ಬದಲಾಗುವ ಜಾತಿಯವು. ನಾನು ಸೇರಿದಾಗ ಲೆಕ್ಚರರ್, ರೀಡರ್, ಪ್ರೊಫೆಸರ್ ಅಂತ ಮೂರು ಮೆಟ್ಟಿಲಿತ್ತು. ರೀಡರಿಗೆ ಕನ್ನಡದಲ್ಲಿ ಪ್ರವಾಚಕ. ಮದುವೆ ಮನೆಯಲ್ಲಿ ಹಾಗೆ ಪರಿಚಯ ಮಾಡಿಸಿದರೆ, ಪ್ರವಚನ ಎಲ್ಲಿ ಮಾಡ್ತೀರಿ ಅಂತ ಕೇಳ್ತಿದ್ದರು. ಯುಜಿಸಿ 2010ರ ನಿಯಮದಲ್ಲಿ ಲೆಕ್ಚರರ್, ರೀಡರ್ ಎರಡನ್ನೂ ಕಿತ್ತುಹಾಕಿತು. ಸಹಾಯಕ, ಸಹ, ಖಾಲಿ, ಎಲ್ಲರೂ ಪ್ರಾಧ್ಯಾಪಕರೇ ಈಗ. ಇದರಲ್ಲಿ ಯಾವುದೂ ಅಲ್ಲದವರು ಅತಿಥಿ ಉಪನ್ಯಾಸಕರು. ಹದಿನೈದು ವರ್ಷ ಒಂದೇ ಮನೆಗೆ ಬಂದರೂ ಅತಿಥಿ ಅನ್ನಿಸಿಕೊಳ್ಳುವವರನ್ನು ಬೇರೆಲ್ಲೂ ನೋಡಿಲ್ಲ. ಊಟವೂ ಹಾಗೇ, ಆಗಾಗ.

ಊರಿನವರಿಗೆ ಇದೊಂದೂ ಬೇಡ. ಅವರಿಗೆ ಎಲ್ಲರೂ ಮೇಷ್ಟ್ರು. ಒಂದನೇ ಕ್ಲಾಸಿನವರೂ ಮೇಷ್ಟ್ರು, ಪಿಎಚ್‌.ಡಿ. ಮಾಡಿಸುವವರೂ ಮೇಷ್ಟ್ರು. ಕೊನಗವಳ್ಳಿಯ ಲಂಕೇಶ್ ಇಂಗ್ಲಿಷ್ ಪಾಠ ಬಿಟ್ಟು 1980ರಲ್ಲಿ ಪತ್ರಿಕೆ ಶುರು ಮಾಡಿದರು. ಹುದ್ದೆ ಹೋಯಿತು, ಮೇಷ್ಟ್ರು ಹೋಗಲಿಲ್ಲ. ನನಗೆ ಈ ಪದದಲ್ಲಿ ತುಂಬಾ ಇಷ್ಟವಾಗೋದು ಅದರ ಬಾಲ. ಇಂಗ್ಲಿಷಿನ 'ಮಾಸ್ಟರ್' ಕೊನೆಯ 'ರ್' ನಮ್ಮ ಬಾಯಿಗೆ ಬಂದು 'ರು' ಆಯಿತು. ಅದು ಅಪ್ಪನವರು, ಗೌಡರು ಅನ್ನುವಾಗಿನ ಮರ್ಯಾದೆಯ 'ರು' ಥರವೇ ಕೂತುಬಿಟ್ಟಿತು. ಸಿಟ್ಟು ಬಂದಾಗ ಆ ಬಾಲ ಕತ್ತರಿಸಿ 'ಆ ಮೇಷ್ಟ' ಅಂತಾರೆ. ಬೈಗುಳಕ್ಕೂ ವ್ಯಾಕರಣ ಸಿಕ್ಕಿತು ನೋಡಿ.

ಇನ್ನೊಂದು ವಿಷಯ. ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನ ಮುಖ್ಯಸ್ಥರಿಗೆ ಇವತ್ತಿಗೂ ಮಾಸ್ಟರ್ ಅಂತಲೇ ಹೆಸರು. ಅಲ್ಲಿನ ಡಾನ್‌ಗಳೆಲ್ಲ ಅವರ ಕೈಕೆಳಗೆ. ಅಂದರೆ ನಮ್ಮೂರ ಪ್ರೈಮರಿ ಶಾಲೆಯಲ್ಲಿ ಬಿಸಿಯೂಟದ ಲೆಕ್ಕ ಬರೆಯೋ ಮೇಷ್ಟ್ರು ಹೆಸರಿನ ಲೆಕ್ಕದಲ್ಲಿ ಡಾನ್‌ಗಳಿಗೂ ಮೇಲೆ. ಇದನ್ನು ಕ್ಲಾಸಿನಲ್ಲಿ ಹೇಳಬಾರದಿತ್ತು. ಹೇಳಿದೆ. ಅವತ್ತಿನಿಂದ ಆ ಬ್ಯಾಚಿಗೆ ನಾನು ಡಾನ್ ಆದೆ.

ಕಳೆದ ತಿಂಗಳು ಗಾಂಧಿ ಬಜಾರಿನಲ್ಲಿ ತರಕಾರಿ ತಗೊಳ್ತಿದ್ದೆ. ಬೀನ್ಸಿನ ರೇಟಿಗೆ ಹತ್ತು ನಿಮಿಷದಿಂದ ಚೌಕಾಸಿ ನಡೆದಿತ್ತು. ಅಂಗಡಿಯವನು ಒಂದು ರೂಪಾಯಿ ಇಳಿಸಲು ಒಪ್ಪಿರಲಿಲ್ಲ. ಹಿಂದೆ ಬೈಕೊಂದು ನಿಂತಿತು. ಹೊಸನಗರದವನು. ಈಗ ಮೀಸೆ ಬಂದಿದೆ, ಮೈ ತುಂಬಿಕೊಂಡಿದ್ದಾನೆ, ಕಪ್ಪು ಕನ್ನಡಕ ಬೇರೆ. 'ನಮಸ್ಕಾರ ಡಾನ್! ಆರಾಮಾ?' ಅಂತ ಬಜಾರಿಗೆಲ್ಲ ಕೇಳುವ ಹಾಗೆ ಕೂಗಿದ. ಕೈ ಮುಗಿದ. ಹೋದ.

ಅಂಗಡಿಯವನು ನನ್ನ ಮುಖ ನೋಡಿದ. ಕಂಕುಳಲ್ಲಿದ್ದ ಕೊಡೆ ನೋಡಿದ. ನಾನು ಕೇಳಿದ ರೇಟಿಗೇ ಬೀನ್ಸ್ ತೂಗಿದ. ಮೇಲೆ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನೂ ಸುಮ್ನೆ ಚೀಲಕ್ಕೆ ಹಾಕಿದ.